ಗೋದಲಿಯ ಹುಲ್ಲು

ಎಕ್ಕಂಬಿಯ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳ ಧರ್ಮೋಪದೇಶ ನಡೆಯುತ್ತದೆ. ಈಗಲೂ ನಡೆಯುತ್ತದೆ ಎಂದು ಹೇಳುವಾಗ ನನಗೆ ಜಂಬ ಬರುತ್ತದೆ, ಬರಲಿ. ಕೈತಪ್ಪಿ ಹೋಗಬೇಕಾಗಿದ್ದ ಪಾಠ ಇದು.

ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಚರ್ಚು ಇರುವುದು ಶಿರಸಿಯಲ್ಲಿ. ಬಸ್ಸಿನಲ್ಲಿ ಹೊಟ್ಟೆ ತೊಳಸಿಕೊಂಡು ಹೋದ ಸಣ್ಣ ಮಕ್ಕಳು ಪೂಜೆ ಮುಗಿಯುವಷ್ಟರಲ್ಲಿ ಬಾಡಿಹೋಗಿರುತ್ತವೆ, ಆಮೇಲೆ ಪಾಠಕ್ಕೆ ಕೂರಿಸಿದರೆ ತೂಕಡಿಸುತ್ತವೆ. ಹಾಗಾಗಿ ಹಿಂದೆ ಇದ್ದ ಫಾದರ್ ಪಾಠವನ್ನು ನನಗೆ ವಹಿಸಿದ್ದರು. ನಾನು ಯಲ್ಲಾಪುರದಲ್ಲಿ ಸಿಸ್ಟರುಗಳಿಂದ ಕಿವಿ ಹಿಂಡಿಸಿಕೊಂಡು ಕಲಿತವಳು, ಅದೊಂದೇ ನನ್ನ ಯೋಗ್ಯತೆ. ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ನನ್ನ ಗಂಡ ಚಾಪೆ ಹಾಸಿಕೊಡುತ್ತಾರೆ, ನಾನು ಒಲೆಯ ಮೇಲೆ ಚಹಾ ಇಟ್ಟು ಪಾಠ ಶುರು ಮಾಡುತ್ತೇನೆ.

ಹೊಸದಾಗಿ ಬಂದ ಫಾದರ್ ಅವರಿಗೆ ಇದು ಹಿಡಿಸಲಿಲ್ಲ. ಅವರು ಶಿಸ್ತಿನ ಮನುಷ್ಯ. "ನೋಡಮ್ಮಾ, ಕ್ರಿಸ್ಮಸ್ಸಿಗೆ ಮೊದಲು ನಾನೇ ಬಂದು ಮಕ್ಕಳನ್ನು ಕೇಳಿ ನೋಡುತ್ತೇನೆ. ಸರಿ ಕಾಣದಿದ್ದರೆ ಎಲ್ಲರೂ ಪಾಠಕ್ಕೂ ಶಿರಸಿಗೇ ಬರಲಿ" ಅಂದರು. ನಾನು ತಲೆಯಾಡಿಸಿದೆ. ಪಾಠಕ್ಕಾಗಿ ಇಡೀ ದಿನ ಶಿರಸಿಯಲ್ಲಿ ಕಾಯುತ್ತ ಕೂರಲು ಕೂಲಿಗೆ ಹೋಗುವ ತಾಯಂದಿರಿಗೆ ಎಲ್ಲಿ ಆಗುತ್ತದೆ? ಯಾವ ಯಾವ ಮಕ್ಕಳು ಪಾಠ ಬಿಟ್ಟುಬಿಡುತ್ತಾರೆ ಎಂಬುದು ನನಗೆ ಆಗಲೇ ಗೊತ್ತಿತ್ತು. ಬಸ್ಸು ಹತ್ತಿದರೆ ವಾಂತಿ ಮಾಡುವ ನಮ್ಮ ಗುಂಪಿನ ಅತಿ ಚಿಕ್ಕ ಹುಡುಗಿಯಂತೂ ಮೊದಲು ಬಿಡುತ್ತಿದ್ದಳು.

ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಲ್ಲಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಬಾಲಯೇಸುವನ್ನು ಮಲಗಿಸಲು ದನದ ಮೇವಿನ ತೊಟ್ಟಿಯಂಥ ಗೋದಲಿ ಕಟ್ಟಿ, ಅದನ್ನು ಖಾಲಿ ಇಡುತ್ತೇವೆ. ಒಂದು ಒಳ್ಳೆಯ ಕೆಲಸ ಮಾಡಿದ ಮಗು ಒಂದು ಎಳೆ ಭತ್ತದ ಹುಲ್ಲು ತಂದು ಅದರಲ್ಲಿ ಹಾಕಬೇಕು. ಹಬ್ಬದ ಹೊತ್ತಿಗೆ ಹಾಸಿಗೆ ಮೆತ್ತಗಾಗಬೇಕು. ಇದಕ್ಕೆ ನಾನು ನನ್ನದೇ ನಿಯಮ ಸೇರಿಸಿದ್ದೆ: ಕೆಲಸ ಬೇರೆಯವರ ಮನೆಯದಾಗಿರಬೇಕು, ಮಾಡಿದ್ದನ್ನು ಯಾರಿಗೂ ಹೇಳಬಾರದು. ಬಾಯಿ ಬಿಟ್ಟರೆ ಹುಲ್ಲು ವಾಪಸ್. ಮಕ್ಕಳು ಈ ನಿಯಮವನ್ನು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡರು.

ಫಾದರ್ ಬರುವುದಕ್ಕೆ ಒಂದು ವಾರ ಇರುವಾಗ ಆ ಅನಾಹುತ ಆಯಿತು. ಮಕ್ಕಳು ಪಾಠಕ್ಕೆ ಬಂದು ನೋಡಿದರೆ ಗೋದಲಿ ಬರಿದಾಗಿದೆ. ಪಕ್ಕದ ಮನೆಯ ಅಜ್ಜಿಯ ಆಕಳು ಹಗ್ಗ ಬಿಚ್ಚಿಕೊಂಡು ಬಂದು, ನಮ್ಮ ಅಂಗಳದಲ್ಲಿ ನಿಂತು ಆರಾಮಾಗಿ ಬಾಯಾಡಿಸುತ್ತಿದೆ.

"ಅಕ್ಕೋರ, ಆಕಳಾ ನನ್ನ ಒಳ್ಳೆ ಕೆಲ್ಸಾ ಎಲ್ಲಾ ತಿಂತ್ರಿ!" ಎಂದು ಆ ಚಿಕ್ಕ ಹುಡುಗಿ ಗೊಳೋ ಎಂದು ಅತ್ತಳು.

ನನಗೆ ನಗು ತಡೆಯಲಾಗಲಿಲ್ಲ. ಅವಳ ಮುಖ ನೋಡಿ ನಗು ನಿಂತಿತು.

ಅಜ್ಜಿ ಓಡಿ ಬಂದು, "ಅಯ್ಯ ಯವ್ವಾ, ದೇವರ ಹುಲ್ಲಿಗೇ ಬಾಯಿ ಹಾಕೇತಲ್ಲ! ತಡಿ ತಂಗಿ, ಒಂದು ಪೆಂಡಿ ಹುಲ್ಲು ಕೊಡ್ತೇನಿ" ಎಂದು ದೊಡ್ಡ ಕಟ್ಟನ್ನೇ ಹೊತ್ತು ತಂದರು. ನಾನು ಅದನ್ನು ಹಾಗೇ ಗೋದಲಿಗೆ ತುರುಕುವವಳೇ. ಮಕ್ಕಳು ಬಿಡಬೇಕಲ್ಲ? "ಅದು ಅಜ್ಜಿ ಹುಲ್ಲ್ರಿ ಅಕ್ಕೋರ, ನಮ್ಮದಲ್ಲ" ಎಂದು ಪೆಂಡಿಯನ್ನು ಮೂಲೆಗೆ ಸರಿಸಿದರು. ಕೆಲಸ ಮಾಡಿದ ಮೇಲೆಯೇ ಅದರಿಂದ ಒಂದೊಂದೇ ಎಳೆ, ಮೊದಲಿನಿಂದ ಮತ್ತೆ ಶುರು.

ಆ ವಾರ ಎಕ್ಕಂಬಿಯ ಜನ ಕಂಗಾಲಾದರು. ಎದ್ದು ನೋಡಿದರೆ ಅಂಗಳ ಗುಡಿಸಿದೆ. ದನದ ಕೊಟ್ಟಿಗೆಯ ಸಗಣಿ ಬಾಚಿದೆ. ಒಣಹಾಕಿದ ಗೋವಿನಜೋಳದ ಹತ್ತಿರ ಯಾರೋ ಕೂತು ಕೋಳಿ ಓಡಿಸಿದ್ದಾರೆ. ಒಬ್ಬರ ಬೈಕನ್ನು ತೊಳೆಯುವ ಉತ್ಸಾಹದಲ್ಲಿ ಸೀಟಿನ ಸ್ಪಂಜಿಗೂ ನೀರು ಕುಡಿಸಿದ್ದರು, ಆತ ಒದ್ದೆ ಪ್ಯಾಂಟಿನಲ್ಲಿ ಸೊಸೈಟಿಗೆ ಹೋಗಿ ಬಂದ. ಯಾರು ಮಾಡಿದ್ದು ಎಂದು ಕೇಳಿದರೆ ಒಂದು ಮಗುವೂ ತುಟಿ ಬಿಚ್ಚಲಿಲ್ಲ. ಗೋದಲಿ ತುಂಬಿ ಹುಲ್ಲು ಹೊರಗೆ ಚೆಲ್ಲುತ್ತಿತ್ತು.

ಭಾನುವಾರ ಫಾದರ್ ಬಂದರು. ಪ್ರಾರ್ಥನೆಗಳನ್ನು ಮಕ್ಕಳು ನೀರು ಕುಡಿದಂತೆ ಹೇಳಿದರು. ಜ್ಞಾನಸ್ನಾನ ಮೊದಲಾದ ಏಳು ಸಂಸ್ಕಾರಗಳಲ್ಲಿ ಆರನ್ನು ಹೇಳಿ ಏಳನೆಯದಕ್ಕೆ ಸೂರು ನೋಡಿದರು. ಆಗ ಫಾದರ್ ಗೋದಲಿಯ ಕಡೆ ಕೈ ತೋರಿಸಿ, "ಇಷ್ಟು ಹುಲ್ಲು! ಯಾವ ಯಾವ ಒಳ್ಳೆಯ ಕೆಲಸ ಮಾಡಿದಿರಿ, ಒಂದಾದರೂ ಹೇಳಿ ನೋಡೋಣ" ಅಂದರು.

ಒಬ್ಬರೂ ಉಸಿರೆತ್ತಲಿಲ್ಲ. ಚಿಕ್ಕವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಳು. ನಾನು ಹೇಳಬಹುದಿತ್ತು. ಆದರೆ ಆ ಮಕ್ಕಳ ಎದುರು ನನ್ನ ನಿಯಮವನ್ನು ನಾನೇ ಮುರಿಯುವುದು ಹೇಗೆ?

"ಇವರಿಗೆ ಏನೂ ಗೊತ್ತಿಲ್ಲವಲ್ಲಮ್ಮಾ."

"ಗೊತ್ತಿದೆ ಫಾದರ್. ಹೇಳುವುದಿಲ್ಲ, ಅಷ್ಟೇ" ಎಂದುಬಿಟ್ಟೆ. ಅವರ ಹುಬ್ಬು ಗಂಟಿಕ್ಕಿತು. ಮುಗಿಯಿತು ಕಥೆ, ಜಗಲಿ ಖಾಲಿ ಎಂದುಕೊಂಡೆ.

ಆಗ ಬೇಲಿಯಾಚೆಯಿಂದ ಅಜ್ಜಿಯ ದನಿ ಬಂತು. "ಅವು ಹೇಳಂಗಿಲ್ರಿ ಸ್ವಾಮ್ಯಾರ, ನಾ ಹೇಳ್ತೇನಿ! ನನ್ನ ಮೊಣಕಾಲು ಬ್ಯಾನಿ ನೋಡಿ ದಿನಾ ನೀರು ತುಂಬಿಟ್ಟು ಓಡ್ಯಾವ. ಕಳ್ಳರಂಗ ಬಂದು ಸಗಣಿ ಬಳದು ಹೋಗ್ಯಾವ. ಕಿಟಕ್ಯಾಗ ನೋಡೇನ್ರಿ ನಾ!" ಅವರ ಹಿಂದೆ ಬೈಕಿನವನೂ ನಿಂತಿದ್ದ. "ನನ್ನ ಗಾಡಿನೂ ಇವ್ರ ತೊಳದಾರ್ರಿ" ಅಂದ, ಸೀಟಿನ ಸುದ್ದಿ ಎತ್ತಲಿಲ್ಲ. ಪುಣ್ಯಾತ್ಮ.

ಫಾದರ್ ಚಿಕ್ಕವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. "ಇಷ್ಟೆಲ್ಲ ಮಾಡಿಯೂ ನನಗೆ ಯಾಕೆ ಹೇಳಲಿಲ್ಲ ಮಗೂ?"

ಅವಳು ಕೈಯನ್ನು ಬಾಯಿಂದ ಸ್ವಲ್ಪವೇ ಸರಿಸಿ, "ಹೇಳಿದ್ರ ಹುಲ್ಲು ಹೊಳ್ಳಿ ತಗೀಬೇಕ್ರಿ. ಹಾಸಿಗಿ ತೆಳ್ಳಗಾಗಿ ಯೇಸು ಕೂಸಿಗೆ ಚುಚ್ಚತೈತ್ರಿ" ಅಂದಳು.

ಅವರು ಎದ್ದು ನಿಂತು, "ಪಾಠ ಇಲ್ಲೇ ಇರಲಮ್ಮಾ. ಆ ಏಳನೇ ಸಂಸ್ಕಾರ ಮಾತ್ರ ಕಲಿಸಿ" ಅಂದರು. ಮಕ್ಕಳು ಹಾಕಿದ ಕೇಕೆಗೆ ಅಜ್ಜಿಯ ಕೊಟ್ಟಿಗೆಯಲ್ಲಿದ್ದ ಆಕಳು ಬೆದರಿತು. ನನಗೆ ಕಣ್ಣು ತುಂಬಿ ಬಂತು, ಸೆರಗಿಗೆ ಒರೆಸಿಕೊಂಡೆ.

ಚಹಾ ಕುಡಿದು, ಕೈ ತೊಳೆಯಲೆಂದು ಹಿತ್ತಲಿಗೆ ಹೋದ ಫಾದರ್ ತುಸು ತಡವಾಗಿಯೇ ಬಂದು ಹೊರಟರು. ಆಮೇಲೆ ನಾನೂ ಚಿಕ್ಕವಳೂ ಹಿತ್ತಲಿಗೆ ಹೋದೆವು. ಮಕ್ಕಳು ಕುಡಿದು ಬಿಟ್ಟಿದ್ದ ಲೋಟಗಳೆಲ್ಲ ತೊಳೆದು ಕಲ್ಲಿನ ಮೇಲೆ ಸಾಲಾಗಿ ಬೋರಲು ಹಾಕಿದ್ದವು. ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳದ್ದು. ಸುಮ್ಮನೆ ಹೋಗಿ ಅಜ್ಜಿಯ ಪೆಂಡಿಯಿಂದ ಒಂದು ಎಳೆ ಕಿತ್ತು ಗೋದಲಿಗೆ ಹಾಕಿ ಬಂದಳು.

ನಾವಿಬ್ಬರೂ ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ನಾನು ಬರೆದುಬಿಟ್ಟೆ. ಆದರೂ ಫಾದರ್ ಅವರ ಹುಲ್ಲನ್ನು ವಾಪಸ್ ತೆಗೆಯುವಂತಿಲ್ಲ. ಬಾಯಿ ಬಿಟ್ಟವಳು ನಾನು, ಅವರಲ್ಲ.