ಹೊಳಿ ನಡುವಿನ ಪೂಜಿ

ನಾ ಸಿಟ್ಟಿನ ಹೆಣಮಗಳು. ನಮ್ಮ ಕಿರಾಣಿ ಅಂಗಡಿಗೆ ಬಂದ ಗಿರಾಕಿಗೂ ದಬಾಯಿಸಿ ಮಾತಾಡಾಕಿ. ಆದರ ನಮ್ಮತ್ತಿಯವರ ಮುಂದ ನನ್ನ ನಾಲಿಗಿ ಏಳೂದಿಲ್ಲ. ಅವರು ಅಂಗೈಯಾಗ ಲಿಂಗ ಇಟಗೊಂಡು ಪೂಜಿಗೆ ಕುಂತಾಗಂತೂ ಕೆಮ್ಮಾಕೂ ಅಂಜತೇನಿ. ಮದುವಿಯಾಗಿ ಬಂದ ಹೊಸದಾಗಿ ಒಮ್ಮೆ, ಹಾಲು ಉಕ್ಕತೈತಿ ಅಂತ ಪೂಜಿ ನಡುವ ಒದರಿಬಿಟ್ಟಿದ್ದೆ. ಮೂರು ದಿನ ನನ್ನ ಕೂಡ ಮಾತು ಬಿಟ್ಟಿದ್ರು. ಹಾಲು ಹೋದರ ಹೋಗಲಿ, ಪೂಜಿ ಕೆಡಬಾರದು. ಅದು ನನ್ನ ಮೈಯಾಗ ಹೊಕ್ಕು ಕುಂತಿತ್ತು.

ಈ ಬ್ಯಾಸಗಿಗೆ ಹಳಿಯಾಳದಾಗ ಮನಿ ಒಳಗ ಕುಂದರೂದು ಸಾಕಾಗಿ ಹೋಗಿತ್ತು. ಫ್ಯಾನ್ ಹಚ್ಚಿದರ ಬಿಸಿಗಾಳಿನ ಮುಖಕ್ಕ ಬಡೀತಿತ್ತು. ಹಪ್ಪಳ, ಸಂಡಿಗಿ ಮಾಡಾಕ ಪ್ರತಿ ವರ್ಷ ನಮ್ಮ ಮನಿಗೆ ಬರೂ ಸಿದ್ದಿ ಹೆಣಮಗಳೊಬ್ಬಾಕಿ ಅದಾಳ. ಕೊರಳಾಗ ಸಣ್ಣ ಶಿಲುಬಿ, ಬಾಯಾಗ ಅರ್ಧ ಕೊಂಕಣಿ ಅರ್ಧ ಕನ್ನಡ. ದಾಂಡೇಲಿ ಹತ್ತರ ಕೋಗಿಲಬನದ ಕಡೆಯಾಕಿ. ನಮ್ಮೂರಿಗೆ ಬರ್ರಿ, ಹೊಳಿಯಾಗ ನೀರಿಗೆ ಎದುರು ನಡಕೋತ ಹೋದರ ಅಂಗಾಲಿನಿಂದ ನೆತ್ತಿ ಮಟ ತಣ್ಣಗ ಆಗತೈತಿ ಅಂತ ಆಕಿ ಅಂದಾಗ, ಹೋಗೂಣು ನಡೀರಿ ಅಂದವರು ನಮ್ಮತ್ತಿನ. ನನಗ ನಂಬಾಕ ಆಗಲಿಲ್ಲ.

ಮರುದಿನ ಮೊದಲನೇ ಬಸ್ಸಿಗೆ ಮೂರೂ ಮಂದಿ ಹೋದ್ವಿ. ಕಾಳಿ ಹೊಳಿ ಮೊಣಕಾಲ ಮಟ ಇತ್ತು. ಇಳಿಯೂಕಿಂತ ಮೊದಲು ಆಕಿ ನೀರಿನ ಅಂಚಿಗೆ, ಹಸಿ ಉಸುಕಿನಾಗ ಒಂದು ಕಡ್ಡಿ ಚುಚ್ಚಿದ್ಲು. ಮ್ಯಾಲ ಡ್ಯಾಮಿನಾಗ ಕರೆಂಟ್ ತಯಾರು ಮಾಡೂಮುಂದ ನೀರು ಬಿಡತಾರ, ಇಂಥಾ ಹೊತ್ತು ಅಂತ ಇಲ್ಲ, ಕಡ್ಡಿ ಮುಳುಗಿತಂದ್ರ ದಂಡಿ ಹತ್ತೂದು ಅಂತ ತಿಳಿಸಿ ಹೇಳಿದ್ಲು. ನಾ ನಕ್ಕೆ. ನಮ್ಮ ಕಡೆ ಮಳಿ ಬಂದರಷ್ಟ ಕೆರಿ ತುಂಬೂದು. ಮುಗಲಿನಾಗ ಹಿಡಿಯಷ್ಟು ಮೋಡ ಇಲ್ಲ, ಎಲ್ಲಿ ನೀರು ಬರತೈತಿ ಅಂದೆ.

ಸೀರಿ ಎತ್ತಿ ಕಟ್ಟಿ ನಡದ್ವಿ. ಕಲ್ಲು ಜಾರತಿದ್ವು, ಕಾಲಿಗೆ ಮೀನಮರಿ ಕಚಗುಳಿ ಇಡತಿದ್ವು. ಮನ್ಯಾಗ ಬಾಯಿ ಬಿಟ್ಟು ನಗದ ಅತ್ತಿ, ಅವತ್ತು ಆಕಿ ಕೈ ಹಿಡಕೊಂಡು ಸಣ್ಣ ಹುಡಿಗ್ಯಾರಗತೆ ಕಿಲಕಿಲ ನಗತಿದ್ರು. ಆಕಿ ಮಾತ್ರ ನಡುನಡುವ ದಂಡಿಗೆ ಹೋಗಿ ಕಡ್ಡಿ ಚುಚ್ಚಿ ಬರತಿದ್ಲು. ಏನು, ತ್ವಾಟಾ ಮಾಡತೀಯೇನು ಇಲ್ಲಿ ಅಂತ ಚ್ಯಾಷ್ಟಿ ಮಾಡಿದೆ. ಆಕಿ ನಕ್ಕು ಮತ್ತೊಂದು ಕಡ್ಡಿ ಮುರಕೊಂಡ್ಲು.

ಮಧ್ಯಾಹ್ನಕ್ಕ ಹೊಳಿ ನಡುವ ಒಂದು ಚಪ್ಪಟಿ ಬಂಡಿಗಲ್ಲು ಸಿಕ್ತು. ಬಸ್ಸಿನ ಅವಸರದಾಗ ಅತ್ತಿಯವರ ಪೂಜಿ ಆಗಿರಲಿಲ್ಲ, ಪೂಜಿ ಆಗದ ಹೊರತು ಅವರು ಉಣ್ಣೂದಿಲ್ಲ. ಆ ಕಲ್ಲಿನ ಮ್ಯಾಲ ಕುಂತು, ಕೊರಳಿನ ವಸ್ತ್ರ ಬಿಚ್ಚಿ, ಲಿಂಗ ಎಡಗೈಯಾಗ ಇಟಗೊಂಡು ಕಣ್ಣು ಮುಚ್ಚಿದ್ರು. ನಾವಿಬ್ಬರು ಹತ್ತು ಹೆಜ್ಜಿ ಆಚೆ ದಂಡಿಗೆ ಕುಂತು ರೊಟ್ಟಿ ಗಂಟು ಬಿಚ್ಚಿದ್ವಿ.

ಆಕಿ ಗಕ್ಕನ ಎದ್ದು ನಿಂತ್ಲು. ಕಡ್ಡಿ ಇರಲಿಲ್ಲ. ನೋಡತೇನಿ, ನೀರಿನ ಬಣ್ಣ ತಿರುಗೇತಿ, ಒಣ ಎಲಿ, ನೊರಿ ತೇಲಕೋತ ಬರಾಕತ್ಯಾವು. ಈಗ ಕಾಲಿಟ್ಟು ಬಂದ ಕಲ್ಲುಗಳು ಒಂದೊಂದ ಕಾಣದಂಗ ಆಗಾಕತ್ತಿದ್ವು. ಸಪ್ಪಳ ಅನ್ನೂದ ಇಲ್ಲ. ಆಕಿ ಕೂಗಿ ಕರದ್ಲು. ಅತ್ತಿ ಕಣ್ಣು ತಗೀಲಿಲ್ಲ. ಬಲಗೈ ಎತ್ತಿ, ಸುಮ್ಮನಿರು ಅಂತ ಸನ್ನಿ ಮಾಡಿದ್ರು.

ಆ ಕೈ ನೋಡಿ ನಾ ಏನು ಮಾಡಿದೆ? ನೀರಿಗೆ ಇಳಿಯಾಕ ಹೊಂಟಾಕಿನ್ನ ರಟ್ಟಿ ಹಿಡದು ಜಗ್ಗಿದೆ.

"ಅವರನ್ನ ಮುಟ್ಟಬ್ಯಾಡ. ಪೂಜಿ ಮುಗೀಲಿ."

ಪೂಜಿ ಕೆಡತೈತಿ ಅನ್ನೂ ಅಂಜಿಕಿ ಒಂದ ಇತ್ತೋ, ಮುಟ್ಟಾಕಿ ಯಾರು ಅನ್ನೂದೂ ನನ್ನ ಒಳಗ ಇತ್ತೋ, ನನಗ ಗೊತ್ತಿಲ್ಲ. ಆಕಿ ನನ್ನ ಮಾರಿ ಒಮ್ಮೆ ನೋಡಿದ್ಲು, ಕೈ ಕೊಸರಿಕೊಂಡು ಇಳಿದ್ಲು. ಸೊಂಟದ ಮಟ ನೀರು. ಅತ್ತಿಯವರ ಎಡಗೈಯನ್ನ ಲಿಂಗದ ಸಮೇತ ಮುಷ್ಟಿಯಾಗ ಒತ್ತಿ ಹಿಡದು, ಇನ್ನೊಂದು ಕೈಲೆ ಅವರ ನಡಾ ಅಪ್ಪಿಕೊಂಡು ಎಳಕೊಂಡ್ಲು. ನಡುವ ಇಬ್ಬರೂ ಮುಳುಗಿ, ಎದ್ದು, ಮತ್ತ ಮುಳುಗಿದ್ರು. ನಾ ಕೈಯಾಗ ರೊಟ್ಟಿ ಹಿಡಕೊಂಡು ನಿಂತಿದ್ದೆ. ಇಷ್ಟು ಬಾಯಿ ಇದ್ದಾಕಿ, ಒಂದು ಶಬ್ದ ಹೊರಡಲಿಲ್ಲ. ಒಂದು ಹೆಜ್ಜಿ ಇಡಲಿಲ್ಲ.

ಕೆಳಗ ಒಂದು ಮರದ ಬೇರು ಹಿಡದು ಇಬ್ಬರೂ ದಂಡಿಗೆ ಹತ್ತಿದ್ರು. ಓಡಿ ಹೋದೆ. ತಿರುಗಿ ನೋಡಿದ್ರ ಆ ಬಂಡಿಗಲ್ಲು ಇರಲಿಲ್ಲ.

ಅತ್ತಿ ಕೆಮ್ಮಿ ಕೆಮ್ಮಿ ನೀರು ಕಾರಿಕೊಂಡ್ರು. ಎಡಮುಷ್ಟಿ ಬಿಗದ ಇತ್ತು, ಅದರ ಮ್ಯಾಲ ಆಕಿ ಕೈಬಟ್ಟುಗಳು. ಅತ್ತಿ ಒಂದೊಂದ ಬಟ್ಟು ಬಿಡಿಸಿದ್ರು. ಲಿಂಗ ಅಲ್ಲೇ ಇತ್ತು. ಕಟ್ಟೂ ವಸ್ತ್ರ ಮಾತ್ರ ಹೊಳಿ ಪಾಲಾಗಿತ್ತು. ಲಿಂಗ ನೆಲಕ್ಕ ಇಡೂಹಂಗಿಲ್ಲ, ಮೈಯಿಂದ ದೂರ ಇಡೂಹಂಗಿಲ್ಲ. ನನ್ನ ಸೆರಗು ಒಣಗಿದ್ದು ಇತ್ತು. ತರ್ರಿ ಅತ್ತಿ, ನಾ ಕಟ್ಟತೇನಿ ಅಂತ ಕೈ ಚಾಚಿದೆ. ಅವರು ಅಂಗೈ ಎದಿಗೆ ಒತ್ತಿಕೊಂಡ್ರು. ಪೂಜಿಯಾಗ ಅವರ ಕಣ್ಣು ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ.

"ನೀ ಮುಟ್ಟಬ್ಯಾಡ," ಅಂದ್ರು.

ಆಮ್ಯಾಲ ಅಂಗೈ ಆಕಿ ಕಡೆ ಹಿಡದ್ರು. ಆಕಿ ಅಂಜಿಕೋತ ನನ್ನ ನೋಡಿದ್ಲು, ಅವರನ್ನ ನೋಡಿದ್ಲು. ತನ್ನ ತೊಯ್ದ ಸೀರಿ ಅಂಚು ಹಲ್ಲಿಲೆ ಹರದು, ಲಿಂಗ ಸುತ್ತಿ, ಅತ್ತಿಯವರ ಕೊರಳ ಹಿಂದ ಗಟ್ಟಿ ಗಂಟು ಹಾಕಿದ್ಲು.

ದಾಂಡೇಲಿ ಬಸ್ ಸ್ಟ್ಯಾಂಡಿನ ಮಟ ಆಕಿ ನಮ್ಮನ್ನ ಕಳಿಸಾಕ ಬಂದ್ಲು. ಬಸ್ಸಿನಾಗ ಅತ್ತಿ ಮುಂದಿನ ಸೀಟಿಗೆ ಒಬ್ಬರ ಕುಂತ್ರು. ನಾ ಹಿಂದ ಕುಂತು, ಹಳಿಯಾಳ ಬರೂಮಟ ಆ ಗಂಟು ನೋಡಕೋತ ಬಂದೆ.