ಹೊತ್ತು ಮುಳುಗಿದ ಮೇಲಿನ ನೀರು

ಸಹಧರ್ಮಿಗಳೇ, 1957ರ ಮಳೆಗಾಲದಲ್ಲಿ ನನ್ನ ಇಪ್ಪತ್ತರ ಮಗಳು ಸುಮತಿಗೆ ಎರಡು ಜ್ವರಗಳು ಒಟ್ಟಿಗೆ ಹಿಡಿದವು. ಬಸದಿಯಲ್ಲಿ ಜಿನರಿಗೆ ಅಭಿಷೇಕ ಮಾಡಿದ ಗಂಧೋದಕವನ್ನು ಹಣೆಗೆ ಹಚ್ಚಿದ ಕೂಡಲೇ ಅವಳು ಎದ್ದು ಕುಳಿತಳೆಂದು ನಮ್ಮ ವೇಣೂರಿನಲ್ಲಿ ಈಗಲೂ ಹೇಳುವವರಿದ್ದಾರೆ. ಹಾಗೆ ನಡೆಯಲಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಅವಳನ್ನು ಮೂಡಬಿದ್ರೆಗೆ ಒಯ್ದೆವು. ಡಾಕ್ಟರರು ಎದೆ ಪರೀಕ್ಷಿಸಿ, ತೋಳಿನ ಕೆಂಪು ದದ್ದುಗಳನ್ನು ನೋಡಿದರು.

"ಎದೆಯಲ್ಲಿರುವುದು ಊರಿಡೀ ಹಬ್ಬಿದ ಫ್ಲೂ. ಈ ಗಂಟುನೋವು, ದದ್ದು ಸೊಳ್ಳೆಯಿಂದ ಬಂದ ಡೆಂಗಿ. ಎರಡಕ್ಕೂ ಮದ್ದಿಲ್ಲ, ಬಲ್ಲಾಳರೇ. ಇಲ್ಲಿ ಮಂಚವೂ ಖಾಲಿ ಇಲ್ಲ. ಹಗಲೂ ರಾತ್ರಿ ನೀರು ಕುಡಿಸಿ. ನಿಲ್ಲಿಸಿದರೆ ಕಷ್ಟ ಉಂಟು."

ಮನೆಗೆ ಕರೆತಂದೆವು. ರಾತ್ರಿ ಎಂಬ ಮಾತೇ ನಮಗೆ ಕಂಟಕವಾಯಿತು. ಹತ್ತನೆಯ ವಯಸ್ಸಿನಿಂದ ಸುಮತಿ ಹೊತ್ತು ಮುಳುಗಿದ ಮೇಲೆ ಅನ್ನವನ್ನಾಗಲಿ ನೀರನ್ನಾಗಲಿ ಮುಟ್ಟಿದವಳಲ್ಲ. ಮುನಿಗಳ ಮುಂದೆ ಆ ವ್ರತವನ್ನು ಹಿಡಿಸಿದವನು ನಾನೇ. ಕಾಯಿಲೆಯವರಿಗೆ ವಿನಾಯಿತಿ ಉಂಟೆಂದು ಈಗ ಗ್ರಂಥ ತೆರೆದು ತೋರಿಸಿದೆ.

"ವ್ರತ ಹಿಡಿಸುವಾಗ ಇಲ್ಲದ ವಿನಾಯಿತಿ ಈಗ ಎಲ್ಲಿಂದ ಬಂತು ಅಪ್ಪಾ?" ಎಂದಳು ಕೆಮ್ಮಿನ ನಡುವೆ.

ಬೈದೆ, ಬೇಡಿಕೊಂಡೆ. ಹಲ್ಲು ಕಚ್ಚಿ ಮಲಗಿದಳು. ಹಗಲು ಕುಡಿಸಿದ್ದು ಸಾಲದೆ, ಮೂರನೆಯ ದಿನ ಹೊತ್ತು ಮುಳುಗಿದಾಗ ತುಟಿ ಒಡೆದಿತ್ತು. ಬೆಳಗ್ಗಿನಿಂದ ಮೂತ್ರ ಹೋಗಿರಲಿಲ್ಲ. ಬೆಳಗಿನವರೆಗೆ ಉಳಿಯುತ್ತಾಳೆಂಬ ಧೈರ್ಯ ನನಗಿರಲಿಲ್ಲ.

ಜಿನರು ಕೇಳಿದ್ದನ್ನು ಕೊಡುವವರಲ್ಲವೆಂದು ಓದಿ ತಿಳಿದು, ಇತರರ ಹರಕೆಗಳನ್ನು ಹಾಸ್ಯ ಮಾಡುತ್ತಿದ್ದವನು ನಾನು. ಅಂದು ಜಿನರ ಸೇವೆಯ ಯಕ್ಷಿ ಪದ್ಮಾವತಿ ಅಮ್ಮನವರ ಪಟದ ಮುಂದೆ ಕುಸಿದೆ. "ನನ್ನಿಂದ ಆಗುವುದಿಲ್ಲ ತಾಯಿ. ಅವಳು ಕುಡಿಯುವಂತೆ ಮಾಡು."

ತಲೆಯೆತ್ತಿದಾಗ ನನ್ನ ಹೆಂಡತಿ ತಂಬಿಗೆ ಹಿಡಿದು ಮಗಳ ಬಳಿ ನಿಂತಿದ್ದಳು. ಮೂವತ್ತು ವರ್ಷ ಅದೇ ವ್ರತವನ್ನು ತಪ್ಪದೆ ನಡೆಸಿದವಳು, ಗಟಗಟನೆ ನೀರು ಕುಡಿದಳು.

"ನೋಡು ಮಗಾ, ನಾನು ಕುಡಿದೆ. ಪಾಪ ಮೊದಲು ನನಗೆ ಬರಲಿ. ಇನ್ನೂ ಹಠ ಮಾಡ್ತೀಯಾ? ಅಪ್ಪನದ್ದೇ ಬುದ್ಧಿ!"

"ಅಮ್ಮಾ, ನೀವಾ?" ಎಂದ ಸುಮತಿ ತಾಯಿಯನ್ನೇ ನೋಡುತ್ತ ಬಾಯಿ ತೆರೆದಳು.

ಜ್ವರ ಇಳಿಯಲು ಮತ್ತೆ ಆರು ದಿನ ಬೇಕಾದವು. ಕೆಮ್ಮು ದೀಪಾವಳಿಯವರೆಗೂ ಇತ್ತು. ಆ ಆರು ರಾತ್ರಿಯೂ ತಾಯಿ ಮೊದಲು ಕುಡಿದು ಮಗಳಿಗೆ ಕುಡಿಸಿದಳು.

ಹಾಗೆ ಮಾಡಲು ಹೇಳಿದವರು ಯಾರೆಂದು ಒಮ್ಮೆ ಕೇಳಿದೆ.

"ಯಾರು ಹೇಳಬೇಕು? ಕೈ ತಾನಾಗಿಯೇ ತಂಬಿಗೆಗೆ ಹೋಯ್ತು" ಎಂದಳು.

ಎಲ್ಲದಕ್ಕೂ ಪುರಾವೆ ಕೇಳುವ ನಾನು ಇದಕ್ಕೆ ಕೇಳಲಿಲ್ಲ. ಸುಮತಿ ಇಂದು ಎರಡು ಮಕ್ಕಳ ತಾಯಿ. ಆ ಕೈಯನ್ನು ನಡೆಸಿದ ಪದ್ಮಾವತಿ ಅಮ್ಮನವರ ಪಾದಕ್ಕೆ, ಯಾರೂ ಬಾಗಿಸಲಾಗದಿದ್ದ ನನ್ನ ತಲೆ ಬಾಗಿದೆ.