ಮೆಹೆಂದಿ ಬೆರಳಿಗೆ ಆಕ್ಸಿಮೀಟರ್

ಕಳೆದ ವಾರ ನನ್ನ ಮಿದುಳಿಗೆ ಆಕ್ಸಿಜನ್ ಸಾಲುತ್ತಿರಲಿಲ್ಲ. ಹಾಗಂತ ಘೋಷಿಸಿದ್ದು ನಮ್ಮ ಮನೆಯವರು.

ಆಗಿದ್ದಿಷ್ಟು. ಶಿವಾಜಿನಗರದ ಗೆಳತಿ ನಸೀಮಾಳ ಮಗಳ ಮದುವೆ. ಮೆಹೆಂದಿ ದಿನ ನನ್ನನ್ನೂ ಕೂರಿಸಿ, ಎರಡು ಕೈಗೂ ಬಳ್ಳಿ ಬಿಡಿಸಿ, ಬೆರಳ ತುದಿಗಳನ್ನು ಉಗುರಿನ ಸಮೇತ ತುಂಬಿಸಿಬಿಟ್ಟರು. (ಅವರ ಮನೆಯಲ್ಲಿ ತುದಿ ಕಪ್ಪಾಗದಿದ್ದರೆ ಅದು ಮೆಹೆಂದಿಯೇ ಅಲ್ಲ.) ಮರುದಿನ ಬಣ್ಣ ಚೆನ್ನಾಗಿ ಹತ್ತಿತ್ತು, ಮೂಗೂ ಚೆನ್ನಾಗಿ ಕಟ್ಟಿತ್ತು. ಕಲ್ಯಾಣ ನಗರದ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಬಂತು. ಅಷ್ಟು ಸಾಕಾಯಿತು. ಕೋವಿಡ್ ಕಾಲದ ಆಕ್ಸಿಮೀಟರ್ ಡ್ರಾದಿಂದ ಹೊರಬಂತು.

ಎಂಬತ್ತೆರಡು. ಇನ್ನೊಂದು ಬೆರಳಿಗೆ ಹಾಕಿದರು. ಎಂಬತ್ತು.

"ಏಳು, ಹೊರಡೋಣ," ಅಂದರು. ಕೆ.ಆರ್. ಪುರದಲ್ಲಿ ಅವರ ಕ್ಲಾಸ್‌ಮೇಟ್ ಡಾಕ್ಟರ್ ಇದ್ದಾರೆ. ಹತ್ತಿರದ ಆಸ್ಪತ್ರೆಗಳನ್ನೆಲ್ಲ ಬಿಟ್ಟು ಅಲ್ಲಿಗೆ. ಗುರುತಿನ ಡಾಕ್ಟರ್ ಇಲ್ಲದೆ ನಮಗೆ ಕಾಯಿಲೆ ವಾಸಿಯಾಗುವುದುಂಟೇ?

ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಜಾಮ್‌ನಲ್ಲಿ ಕಾರು ನಿಂತಿತು. ಅಲ್ಲಿ ನಿಂತ ಮೇಲೆ ಮಾತಿಗೆ ಬೇಕಾದಷ್ಟು ಟೈಮ್. ಮೊಬೈಲ್‌ನಲ್ಲಿ ಓದಿಕೊಂಡು ಬಂದದ್ದನ್ನು ವಿವರಿಸತೊಡಗಿದರು. ಮಿದುಳಿನ ಜೀವಕೋಶಗಳು ಸದಾ ಸೋಡಿಯಂ ಹೊರಗೆ ಹಾಕುತ್ತ, ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತ ಇರಬೇಕಂತೆ. ಅದಕ್ಕೊಂದು ಪಂಪು. ಪಂಪಿಗೆ ಶಕ್ತಿ ಬೇಕು, ಶಕ್ತಿಗೆ ಆಕ್ಸಿಜನ್ ಬೇಕು.

"ಮಳೇಲಿ ನಮ್ಮ ಬೇಸ್‌ಮೆಂಟ್ ಕಥೆ ಗೊತ್ತಲ್ಲ? ಕರೆಂಟ್ ಹೋಯ್ತು, ಪಂಪ್ ನಿಂತ್ಹೋಯ್ತು, ನೀರು ತುಂಬ್ಕೊಳ್ತು. ತಲೆ ಒಳಗೂ ಅಷ್ಟೇ. ಸೋಡಿಯಂ ನುಗ್ಗುತ್ತೆ, ಹಿಂದೇನೇ ನೀರು ಬರುತ್ತೆ, ಸೆಲ್ಲು ಊದ್ಕೊಳ್ಳುತ್ತೆ. ಅದಕ್ಕೂ ಮುಂಚೇನೇ ಮನುಷ್ಯ ಏನೇನೋ ಮಾತಾಡೋಕೆ ಶುರು ಮಾಡ್ತಾನೆ."

ನನಗೆ ನಿಜಕ್ಕೂ ಭಯವಾಯಿತು. ಭಯಕ್ಕೆ ಬಾಯಿ ಸಡಿಲವಾಯಿತು. "ರೀ, ಒಂದು ಹೇಳ್ಬಿಡ್ತೀನಿ. ನೀವು ಭಾನುವಾರ ಮಾಡೋದು ಬಿರಿಯಾನಿ ಅಲ್ಲ, ಮಸಾಲೆ ಹಾಕಿದ ಪೊಂಗಲ್."

ಅವರು ನನ್ನ ತಲೆ ಸವರಿದರು. "ಪಾಪ, ಸೋಡಿಯಂ ಏರುಪೇರಾಗಿದೆ."

ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? ಅವರ ತಂಗಿ ಬಂದಾಗಲೆಲ್ಲ ನನ್ನ ಅಡುಗೆಮನೆಯ ಡಬ್ಬಗಳನ್ನು ತನ್ನಿಷ್ಟದಂತೆ ಜೋಡಿಸಿಟ್ಟು ಹೋಗುವುದನ್ನು ಹೇಳಿದೆ. ಮದುವೆಯಾದಾಗಿನಿಂದ ಅವರು ಹೇಳುತ್ತಿರುವ ಒಂದೇ ಜೋಕಿಗೆ ನಗುವುದು ಎಷ್ಟು ಕಷ್ಟ ಅಂತಲೂ ಹೇಳಿದೆ. ಯಾವುದಕ್ಕೂ ಸಿಟ್ಟಾಗಲಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸು ನಿಜ ಹೇಳಿದರೆ ಮೊದಲು ಬಿಪಿ ನೋಡುತ್ತಾರೆ, ಗೊತ್ತಲ್ಲ.

ಡಾಕ್ಟರ್ ನನ್ನ ಕೈ ನೋಡಿದವರೇ ನಕ್ಕುಬಿಟ್ಟರು. "ಈ ಮೆಷಿನ್ನು ಬೆರಳಲ್ಲಿ ಬೆಳಕು ಬಿಟ್ಟು ರಕ್ತದ ಬಣ್ಣ ನೋಡುತ್ತೆ ಕಣೋ. ಇಷ್ಟು ಕಪ್ಪು ಮೆಹೆಂದಿ ಅಡ್ಡ ಇದ್ರೆ ಅದಕ್ಕೇನು ಕಾಣುತ್ತೆ?" ಅಂತ ಇವರಿಗೆ ಹೇಳಿ, ಕ್ಲಿಪ್ಪನ್ನು ನನ್ನ ಕಾಲ್ಬೆರಳಿಗೆ ಸಿಕ್ಕಿಸಿದರು. ತೊಂಬತ್ತೆಂಟು. ಎದೆಯನ್ನೂ ಪರೀಕ್ಷಿಸಿ, ಬರೀ ನೆಗಡಿ ಅಂದರು.

ಸದ್ಯ ಬದುಕಿಕೊಂಡೆ ಅಂತ ದೇವರಿಗೆ ಕೈಮುಗಿಯುವಷ್ಟರಲ್ಲಿ ಇವರ ಮುಖ ಕಾಣಿಸಿತು. ಹೊರಗೆ ಬಂದು ಕಾರು ಹತ್ತಿದೆವು. ಸೀಟ್‌ಬೆಲ್ಟ್ ಹಾಕಿಕೊಂಡು ನಿಧಾನವಾಗಿ ಕೇಳಿದರು:

"ಹಾಗಾದ್ರೆ, ಅಷ್ಟೂ ನೀನು ಫುಲ್ ಆಕ್ಸಿಜನ್‌ನಲ್ಲೇ ಹೇಳಿದ್ದಾ?"